ಕರಪತ್ರದ ಮೂರನೇ ಸಾಲು

"ನೀನು ಹೇಳೋದೇ ಬೇಡ, ನಂಗೊತ್ತು. ಕಾಲು ಮುಂದಾಗಿ ಬಂದವನು ನೀನು. ಎರಡೂ ಮುಕ್ಕಾಲು ಕೆಜಿ" ಎಂದು ಸಿಸ್ಟರಮ್ಮ ಬೈಕ್ ರಿಪೇರಿ ಅಂಗಡಿಯ ಮೀಸೆಯವನ ಗದ್ದ ಹಿಡಿದೆತ್ತಿದರು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ನಿಮ್ಮಮ್ಮ ನಿನಗೋಸ್ಕರ ಹದಿನಾರು ಗಂಟೆ ಒದ್ದಾಡಿದ್ಲು. ನೀನು ನನಗೋಸ್ಕರ ಮತಗಟ್ಟೆ ತನಕ ಹದಿನಾರು ಹೆಜ್ಜೆ ಬಂದ್ರೆ ಸಾಕು."

ಮೀಸೆಯವನು ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕರಪತ್ರ ಈಸಿಕೊಂಡ. ಪಕ್ಕದಲ್ಲಿ ಕರಪತ್ರದ ಕಟ್ಟು ಹೊತ್ತು ನಿಂತಿದ್ದವರು ಸಿಸ್ಟರಮ್ಮನ ಗಂಡ, ನಿವೃತ್ತ ಪೋಸ್ಟ್‌ಮ್ಯಾನ್. ಊರಿನ ಪ್ರತಿ ಮನೆಯ ಬಾಗಿಲು ಅವರಿಗೆ ಗೊತ್ತು; ಬಾಗಿಲ ಒಳಗಿನ ಪ್ರತಿ ತಲೆ ಸಿಸ್ಟರಮ್ಮನಿಗೆ ಗೊತ್ತು. ಇಂಥ ಜೋಡಿಯನ್ನು ಯಾವ ಪಕ್ಷ ದುಡ್ಡು ಕೊಟ್ಟು ತಂದೀತು?

ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದ ಹೆಂಗಸು ವಿಧಾನಸಭೆಗೆ ನಿಂತದ್ದು ಒಂದು ಬೀಗದ ದೆಸೆಯಿಂದ. ಅವರು ನಿವೃತ್ತರಾದ ಮರುವರ್ಷವೇ ಡಾಕ್ಟರಿಲ್ಲ ಎಂದು ವಾರ್ಡಿಗೆ ಬೀಗ ಜಡಿದರು. ಅಂದಿನಿಂದ ದಿನ ತುಂಬಿದ ಹೆಂಗಸರು ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕು. ಹೋದ ತಿಂಗಳು ಒಬ್ಬಳು ಕಂಡಕ್ಟರ್ ಸೀಟಿನ ಮೇಲೇ ಹೆತ್ತಳು. ಸಿಸ್ಟರಮ್ಮ ಶಾಸಕರ ಹತ್ತಿರ ಮೂರು ಸಲ ಅರ್ಜಿ ಹಿಡಿದು ಹೋದರು. ಮೂರನೇ ಸಲ ಆ ಪುಣ್ಯಾತ್ಮ, "ಅಷ್ಟೊಂದು ಕಾಳಜಿ ಇದ್ರೆ ನೀವೇ ನಿಂತ್ಕೊಳ್ಳಿ" ಎಂದು ನಕ್ಕ. "ಆಯ್ತು, ನಿಂತ್ಕೋತೀನಿ" ಎಂದು ಎದ್ದು ಬಂದಿದ್ದರು. ಗೆಲ್ಲುತ್ತೇನೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಮ್ಮ ಕೈಯ ಮೇಲೆ ಹುಟ್ಟಿದವರು ಒಂಬತ್ತು ಸಾವಿರ ಜನ. ಒಬ್ಬೊಬ್ಬರೂ ಮನೆಮಂದಿಯನ್ನು ಕರೆತಂದರೆ ಸಾಕಿತ್ತು.

ಕರಪತ್ರದಲ್ಲಿ ನಾಲ್ಕೇ ಸಾಲು. ಮೊದಲ ಸಾಲು ವಾರ್ಡಿನ ಬೀಗ ತೆಗೆಸುವುದು. ಎರಡನೆಯದು ಅದಕ್ಕೊಬ್ಬ ಡಾಕ್ಟರನ್ನು ತರುವುದು. ನಾಲ್ಕನೆಯದು ಮತ ಕೊಡಿ ಎನ್ನುವುದು. ನಡುವಿನ ಮೂರನೇ ಸಾಲನ್ನು ಸಿಸ್ಟರಮ್ಮ ಪ್ರೆಸ್ಸಿನವನ ಎದುರು ಕೂತು ತಾವೇ ಹೇಳಿ ಬರೆಸಿದ್ದರು: 'ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಬರೆದವಳಲ್ಲ.'

ರಿಪೇರಿ ಅಂಗಡಿಯಿಂದ ಮುಂದಿನ ತಿರುವಿನ ಗೋಡೆಗೆ ಹೊಸ ಪೋಸ್ಟರು ಹಚ್ಚಿದ್ದರು. ಅಂಟು ಇನ್ನೂ ಒಣಗಿರಲಿಲ್ಲ. ಹಳೇ ಶಾಸಕನನ್ನು ಬಿಟ್ಟು ಅವನ ಪಕ್ಷದವರು ಒಬ್ಬ ಹುಡುಗನಿಗೆ ಟಿಕೆಟ್ ಕೊಟ್ಟಿದ್ದರು. ಬಿಳಿ ಅಂಗಿ, ಕೈ ಮುಗಿದ ಭಂಗಿ, ಕೆಳಗೆ ದಪ್ಪಕ್ಷರದಲ್ಲಿ 'ಇಪ್ಪತ್ತೈದರ ಹರೆಯ, ನಾಡಿಗೆ ಹೊಸ ಉಸಿರು'.

"ಗಿರಣಿಯವಳ ಮಗ ಅಲ್ವಾ?" ಎಂದರು ಪೋಸ್ಟ್‌ಮ್ಯಾನ್. "ಅವಳ ಮನೆಗೆ ಒಂದು ಕಾಗದ ಬಂದಿದ್ದು ನಾ ಕಾಣೆ. ಈಗ ಮಗ ಗೋಡೆ ಮೇಲೆ."

"ಇವನಿಗೆ ಇಪ್ಪತ್ತೈದಲ್ಲ ರೀ. ಇಪ್ಪತ್ನಾಲ್ಕು" ಎಂದರು ಸಿಸ್ಟರಮ್ಮ ಯೋಚನೆಯೇ ಇಲ್ಲದೆ. "ಹೊಸ ತೂಕದ ಯಂತ್ರ ಬಂದ ದಿನ ಹುಟ್ಟಿದವನು. ಅದರ ಮೇಲೆ ಮೊದಲು ಮಲಗಿಸಿದ್ದೇ ಇವನನ್ನ. ಮೂರು ಕೆಜಿ ನೂರು ಗ್ರಾಮು."

ಪೋಸ್ಟ್‌ಮ್ಯಾನ್ ಕರಪತ್ರದ ಕಟ್ಟನ್ನು ಕಟ್ಟೆಯ ಮೇಲಿಟ್ಟರು. ಮುಖ ಊರಗಲವಾಯಿತು. "ಇಪ್ಪತ್ತೈದು ತುಂಬದೆ ನಿಲ್ಲೋಹಾಗಿಲ್ಲ ಕಣೇ. ನಾಳೆ ಬೆಳಿಗ್ಗೆ ನಾಮಪತ್ರ ಪರಿಶೀಲನೆ. ನೀನೊಂದು ಮಾತು ಹೇಳಿದ್ರೆ ಅವನು ಮನೆಗೆ, ನೀನು ವಿಧಾನಸಭೆಗೆ. ಉಳಿದವರು ಯಾವ ಲೆಕ್ಕ?"

ಸಿಸ್ಟರಮ್ಮ ಕಟ್ಟಿನ ಮೇಲಿದ್ದ ಕರಪತ್ರವನ್ನು ಬೋರಲು ಹಾಕಿದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿ ಬಾಯಿ ಮುಚ್ಚಿದರೆ ಏನೋ ಇದೆ ಎಂದು ತಿಳಿಯದೆ ಇರುತ್ತದೆಯೇ? "ಏನು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಿಂತೆ?"

"ಆ ಕಳ್ಳಿ ನಾನೇ ರೀ" ಎಂದರು.

ನಡೆದದ್ದು ಇಷ್ಟು. ಗಂಡ ಬಿಟ್ಟುಹೋದ ಗಿರಣಿಯವಳಿಗೆ ದಿನವೂ ನೂಲುವ ಯಂತ್ರದ ಮುಂದೆ ಹತ್ತು ಗಂಟೆ ನಿಲ್ಲುವ ಕೆಲಸ. ಐದರ ಮಗುವನ್ನು ಮನೆಯ ಕಿಟಕಿಗೆ ಸೀರೆಯಲ್ಲಿ ಕಟ್ಟಿ ಹೋಗುತ್ತಿದ್ದಳು. ಆರು ತುಂಬದೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ. ಒಂದು ಮಧ್ಯಾಹ್ನ ಅವಳು ವಾರ್ಡಿಗೆ ಬಂದು ಮಗುವಿನ ಸೊಂಟದ ಬರೆ ತೋರಿಸಿ, "ಒಂದು ವರ್ಷ ಹೆಚ್ಚಿಗೆ ಬರೆದುಕೊಡಿ ಅಕ್ಕ" ಎಂದಳು. ಸಿಸ್ಟರಮ್ಮ ಜನನ ಪತ್ರದಲ್ಲಿ ಬರೆದರು, ಸೀಲು ಒತ್ತಿದರು. ಬರೆದು ಮರೆತೂ ಬಿಟ್ಟರು. ಬೇಕೆಂದೇ ಮರೆತದ್ದಲ್ಲ. ಅದನ್ನು ಅವರ ಮನಸ್ಸು ಸುಳ್ಳಿನ ಖಾನೆಗೆ ಹಾಕಿಯೇ ಇರಲಿಲ್ಲ, ಅಷ್ಟೇ.

"ಹೇಳದೆ ಇದ್ರೂ ನನ್ನ ಕರಪತ್ರ ಸುಳ್ಳು, ಹೇಳಿದ್ರೂ ಸುಳ್ಳು" ಎಂದರು.

"ಪಿಂಚಣಿಗೆ ಕುತ್ತು ಬಂದ್ರೆ?"

"ನಿಮ್ಮದೊಂದು ಇದೆಯಲ್ಲ, ಹಾಕಿ ಊಟ."

ಮಧ್ಯಾಹ್ನ ಅವರು ಮನೆಗೆ ಬರುವ ಹೊತ್ತಿಗೆ ಗಿರಣಿಯವಳು ಜಗುಲಿಯಲ್ಲಿ ಕೂತಿದ್ದಳು. ಪಾಳಿ ಮುಗಿಸಿ ನೇರ ಬಂದಿದ್ದಳು. ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡೇ ಇದ್ದವು. ಕೊಟ್ಟ ನೀರು ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು.

"ನಿಮಗೆ ಎಲ್ಲಾ ನೆನಪಿರುತ್ತೆ, ನಂಗೊತ್ತು" ಎಂದಳು. "ಹೇಳಬೇಡಿ ಅಂತ ಹೇಳೋಕೆ ಬಂದಿಲ್ಲ ಅಕ್ಕ. ಹಾಗೆ ಹೇಳೋ ಬಾಯಿ ನನಗಿಲ್ಲ. ಆದ್ರೆ ನನ್ನ ಮಗನಿಗೆ ಇದೇನೂ ಗೊತ್ತಿಲ್ಲ. ಅಮ್ಮ ಅಂಗಲಾಚಿ ಸುಳ್ಳು ಬರೆಸಿದ್ಲು ಅಂತ ಅಷ್ಟು ಜನರ ಮುಂದೆ ಅವನು ಕೇಳೋ ಹಾಗಾಗದೆ ಇದ್ರೆ ಸಾಕು."

"ನೀನೇ ಅವನಿಗೆ ಹೇಳಬಹುದಿತ್ತು."

"ಹೇಳ್ಬೇಕು ಅಂತ ಹತ್ತು ಸಲ ಹೋದೆ. ಅವನ ಸುತ್ತ ಈಗ ಯಾವಾಗಲೂ ಜನ."

ಸಿಸ್ಟರಮ್ಮ, ಹೇಳುವುದಿಲ್ಲ ಎಂದು ಮಾತು ಕೊಡಲಾರದೆ, ಹೇಳಿಯೇ ತೀರುತ್ತೇನೆಂದು ಎದುರಿಗೆ ನಿಲ್ಲಲಾರದೆ, "ಊಟ ಮಾಡ್ಕೊಂಡು ಹೋಗು" ಎಂದರು. ಅವಳು ಮಾಡಲಿಲ್ಲ.

ಮಾರನೇ ದಿನ ಚುನಾವಣಾಧಿಕಾರಿಯ ಕೋಣೆ ಕಿಕ್ಕಿರಿದಿತ್ತು. ಏಳು ಜನ ಅಭ್ಯರ್ಥಿಗಳು, ಅವರ ವಕೀಲರು, ಒಂದೇ ಫ್ಯಾನು. ಅಧಿಕಾರಿ ಒಂದೊಂದೇ ಫೈಲು ಬಿಡಿಸಿ, ಆಕ್ಷೇಪಣೆ ಇದೆಯೇ ಎಂದು ಕೇಳಿ, ಸಹಿ ಹಾಕುತ್ತ ಬಂದರು. ಸಿಸ್ಟರಮ್ಮನ ಪತ್ರ ಎರಡೇ ನಿಮಿಷದಲ್ಲಿ ಪಾಸಾಯಿತು. ಆಮೇಲೆ ಹುಡುಗನ ಸರದಿ.

"ಇದಕ್ಕೆ ಯಾರದಾದ್ರೂ ಆಕ್ಷೇಪಣೆ?"

ಸಿಸ್ಟರಮ್ಮ ಎದ್ದರು. ಹೆರಿಗೆ ಕೋಣೆಯಲ್ಲಿ ದಡಬಡಿಸುವ ಗಂಡಂದಿರನ್ನು ಹೊರಗೆ ಕಳಿಸುವಾಗಿನ ಅದೇ ತಣ್ಣಗಿನ ದನಿಯಲ್ಲಿ ಹೇಳಿದರು. "ಈ ಹುಡುಗನಿಗೆ ಇಪ್ಪತ್ನಾಲ್ಕು ವರ್ಷ, ಸ್ವಾಮಿ. ಹೆರಿಗೆ ಮಾಡಿಸಿದವಳು ನಾನು. ಶಾಲೆಗೆ ಸೇರಿಸೋಕೆ ಒಂದು ವರ್ಷ ಹೆಚ್ಚಿಗೆ ಬರೆದುಕೊಟ್ಟವಳೂ ನಾನೇ."

ಹುಡುಗ ಬೆಪ್ಪಾಗಿ ಅವರನ್ನೇ ನೋಡಿದ. ಬಾಗಿಲ ಹೊರಗೆ ನಿಂತಿದ್ದ ಗಿರಣಿಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಇವನ ತಾಯಿ ಕೇಳಿದ್ರಾ, ಹಾಗೆ ಬರೀರಿ ಅಂತ?" ಎಂದರು ಅಧಿಕಾರಿ.

ಸಿಸ್ಟರಮ್ಮ ಬಾಗಿಲ ಕಡೆ ನೋಡಲಿಲ್ಲ. "ಇಲ್ಲ. ಅವಳಿಗೆ ಓದೋಕೆ ಬರಲ್ಲ. ಕಟ್ಟಿಹಾಕಿದ ಮಗು ನೋಡಿ ನನಗೆ ಕರುಳು ಚುರುಕ್ ಅಂತು, ನಾನೇ ಬರೆದೆ."

"ಪುರಾವೆ? ಆಸ್ಪತ್ರೆ ರಿಜಿಸ್ಟರು?"

"ಗೆದ್ದಲು ತಿಂತು. ನನ್ನ ಮಾತೇ ಪುರಾವೆ."

ಹುಡುಗನ ಕಡೆಯ ವಕೀಲ ಆಗ ಮೆಲ್ಲನೆ ಎದ್ದ. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. "ಸರ್, ಜನನ ಪತ್ರ ಇವರದೇ ಕೈಬರಹ, ಇವರದೇ ಸೀಲು. ಅದು ಸತ್ಯವೋ ಸುಳ್ಳೋ ಅಂತ ಬೇರೆ ಯಾರನ್ನೂ ಕೇಳೋದು ಬೇಡ. ಇದೂ ಇವರದೇ ಕರಪತ್ರ. ಮೂರನೇ ಸಾಲು ಓದಿ: 'ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಬರೆದವಳಲ್ಲ.'"

ಕೋಣೆಯೆಲ್ಲ ನಗು. ಅಧಿಕಾರಿಯೂ ತುಟಿ ಕಚ್ಚಿಕೊಂಡರು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ ಎಂದು ಸಿಸ್ಟರಮ್ಮನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ತಡೆಯಲಾರದೆ ಅವರೂ ನಕ್ಕುಬಿಟ್ಟರು.

"ಬಾಯಿಮಾತಿಗಿಂತ ದಾಖಲೆ ದೊಡ್ಡದು ಸಿಸ್ಟರ್, ನಾನೇನು ಮಾಡ್ಲಿ?" ಎಂದು ಅಧಿಕಾರಿ ಹುಡುಗನ ಪತ್ರಕ್ಕೆ ಸಹಿ ಹಾಕಿದರು. "ನಿಮ್ಮ ಹೇಳಿಕೆ ಬರ್ಕೊಂಡಿದೀನಿ. ನಿಮ್ಮ ಇಲಾಖೆಗೂ ಒಂದು ಪ್ರತಿ ಹೋಗುತ್ತೆ."

"ಹೋಗ್ಲಿ. ಜೊತೆಗೆ ವಾರ್ಡಿಗೆ ಬೀಗ ಬಿದ್ದಿದೆ ಅಂತಾನೂ ಒಂದು ಸಾಲು ಸೇರಿಸಿ" ಎಂದು ಅವರು ಕೂತರು.

ಹೊರಗೆ ಮೆಟ್ಟಿಲ ಹತ್ತಿರ ಹುಡುಗ ತನ್ನ ಜನರಿಂದ ಬಿಡಿಸಿಕೊಂಡು ಅವರ ಮುಂದೆ ಬಂದು ನಿಂತ. "ನಿಜಾನಾ?"

"ನಿಜ. ತಾರೀಕು ಅದೇ, ವರ್ಷ ಮಾತ್ರ ಬೇರೆ. ಮೂರು ಕೆಜಿ ನೂರು ಗ್ರಾಮು ಇದ್ದೆ. ಅತ್ತಿದ್ದು ತಡವಾಗಿ, ಆಮೇಲೆ ನಿಲ್ಲಿಸಲೇ ಇಲ್ಲ." ಅವನ ಅಂಗಿಯ ಕಾಲರು ಮಡಚಿಕೊಂಡಿತ್ತು, ನೆಟ್ಟಗೆ ಮಾಡಿದರು. "ಸಹಿ ಬಿತ್ತಲ್ಲ, ನಿಂತ್ಕೋ. ಮತ ಎಣಿಸಿಯೇ ನಿನ್ನ ಸೋಲಿಸ್ತೀನಿ. ಮೊದಲು ಹೋಗಿ ಅಮ್ಮನ್ನ ಮಾತಾಡಿಸು."

ಪೋಸ್ಟ್‌ಮ್ಯಾನ್ ಆಟೋದಿಂದ ಕರಪತ್ರದ ಕಟ್ಟುಗಳನ್ನೆಲ್ಲ ಇಳಿಸಿ ಮೆಟ್ಟಿಲ ಮೇಲೆ ಪೇರಿಸಿದ್ದರು. "ಇವನ್ನೇನು ಮಾಡೋಣ, ಸೌದೆಗೆ ಹಾಕೋಣ್ವಾ?"

"ಚೆನ್ನಾಗಿರೋ ಕಾಗದಾನ ಸುಡೋದೇ? ಪೆನ್ನು ಕೊಡಿ."

ಸಿಸ್ಟರಮ್ಮ ಅಲ್ಲೇ ಕೂತು, ಒಂದು ಕರಪತ್ರವನ್ನು ಮಂಡಿಯ ಮೇಲಿಟ್ಟುಕೊಂಡು ಮೂರನೇ ಸಾಲಿಗೆ ಅಡ್ಡ ಗೀಟು ಎಳೆದರು. ಅದರ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಒಂದು ಬರೆದಿದ್ದೇನೆ. ಕೇಳಿದರೆ ಹೇಳುತ್ತೇನೆ.' ಓದಿ ನೋಡಿ, ಸರಿಯಾಗಿದೆ ಎನ್ನಿಸಿ, ಇನ್ನೊಂದನ್ನು ಎತ್ತಿಕೊಂಡರು. ಹೀಗೆ ನೂರಾಯಿತೋ ಏನೋ, ಪಕ್ಕದಲ್ಲಿ ಯಾರೋ ಕೂತರು. ಗಿರಣಿಯವಳು. ಅತ್ತು ಕಣ್ಣು ಊದಿತ್ತು. ಗೇಟಿನ ಹತ್ತಿರ ಅವಳ ಮಗ ಜನರ ಕಡೆ ಬೆನ್ನು ಹಾಕಿ ಒಬ್ಬನೇ ನಿಂತಿದ್ದ.

"ನನಗೆ ಬರೆಯೋಕೆ ಬರಲ್ಲ" ಎಂದಳು. "ಗೀಟು ಎಳೀತೀನಿ, ಕೊಡಿ."

ಪೋಸ್ಟ್‌ಮ್ಯಾನ್ ತಮ್ಮ ಜೇಬಿನ ಇನ್ನೊಂದು ಪೆನ್ನನ್ನು ಅವಳಿಗೆ ಕೊಟ್ಟರು. ಅವಳು ಮೂರನೇ ಸಾಲು ಯಾವುದೆಂದು ಬೆರಳಿಟ್ಟು ಎಣಿಸಿಕೊಂಡು, ನೂಲಿನಷ್ಟು ನೇರವಾಗಿ ಗೀಟು ಎಳೆದು, ಸಿಸ್ಟರಮ್ಮನ ಕಡೆ ಸರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಬರೆದದ್ದೇನೆಂದು ಕೇಳಿದಳು. ಸಿಸ್ಟರಮ್ಮ ಓದಿ ಹೇಳಿದರು.

"ಒಂದಲ್ಲ ಅಕ್ಕ" ಎಂದಳು ಅವಳು, ತಲೆ ಎತ್ತದೆ. "ಇವತ್ತಿಗೆ ಎರಡಾಯ್ತು."

"ಎರಡನೇದು ಬರೆದಿಲ್ಲವಲ್ಲ. ಬಾಯಲ್ಲಿ ಹೇಳಿದ್ದು" ಎಂದು ಸಿಸ್ಟರಮ್ಮ ಮುಂದಿನ ಕರಪತ್ರಕ್ಕೆ ಕೈ ಚಾಚಿದರು. ಗಿರಣಿಯವಳು ಗೀಟು ಎಳೆದು ಕೊಟ್ಟಳು.