ಗಡಗಡಿ ಇಳಿಸಿದ ಬಾವಿ

ಅಕ್ಕ ತೀರಿಕೊಂಡ ಸುದ್ದಿ ಕಾಶಪ್ಪನಿಗೆ ತಿಳಿದದ್ದು ರೈಲ್ವೆಯ ಫೋನಿನಿಂದ. ಅದು ೧೯೭೯ರ ಜೂನಿನಲ್ಲಿ ಮಿರಗಾ ಮಳೆ ಹಿಡಿದ ವಾರ. ಬೆಳಿಗ್ಗೆ ಅವನು ಅಳತೆಯ ಟೇಪು ಹಿಡಿದುಕೊಂಡು ಸ್ಟೇಷನ್ನಿನ ಹಿಂದಿನ ಹೊಲಸು ಗುಂಡಿಯ ಕಡೆ ನಿಂತಿದ್ದ. ಸ್ಟೇಷನ್ ಮಾಸ್ತರರು ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊರಗೆ ಬಂದರು.

"ಕಾಶಪ್ಪನವರ, ಟೇಪು ಸುತ್ರಿ. ಬಾಗಲಕೋಟಿ ಸ್ಟೇಷನ್ನಿಂದ ಫೋನ್ ಬಂದಿತ್ತು. ದವಾಖಾನ್ಯಾಗ ನಿಮ್ಮ ಅಕ್ಕಾರು ಹೋದರಂತ."

ಕಾಶಪ್ಪ ಟೇಪು ಸುತ್ತಿದ. ಮಣ್ಣು ಹತ್ತಿದ್ದ ತುದಿಯನ್ನು ಧೋತರಕ್ಕೆ ಒರೆಸಿಕೊಂಡ. ಮುಂದಿನ ಗಾಡಿ ಎಷ್ಟಕ್ಕೆ ಎಂದು ಕೇಳಿದ.

ಬಾಗಲಕೋಟೆಗೂ ಬದಾಮಿಗೂ ನಡುವೆ ರೈಲು ಎರಡು ನಿಮಿಷ ನಿಲ್ಲುವ ಊರು ಅದು. ಕಾಶಪ್ಪ ಅಲ್ಲಿನ ಪಂಚಾಯ್ತಿಯ ಆರೋಗ್ಯ ನಿರೀಕ್ಷಕ. ಸ್ಟೇಷನ್ನಿನ, ಕ್ವಾರ್ಟರ್ಸಿನ ಪಾಯಖಾನೆಗಳ ಹೊಲಸೆಲ್ಲ ಬೀಳುವ ಗುಂಡಿ ರೈಲ್ವೆಯದು. ಅದರಿಂದ ಮೂವತ್ತೆರಡು ಫೂಟಿಗೆ ಪಂಚಾಯ್ತಿಯ ಬಾವಿ. ಬಾವಿಯ ಐವತ್ತು ಫೂಟಿನೊಳಗೆ ಇಂಥ ಗುಂಡಿ ಇರಕೂಡದೆಂದು ಪಂಚಾಯ್ತಿಯ ನಿಯಮವಿತ್ತು. ಆದರೆ ನಡುವೆ ಹಳೆಯ ರೈಲು ಕಂಬಿಯ ತುಂಡುಗಳನ್ನು ಹುಗಿದು, ಸುಣ್ಣ ಬಳಿದು, ಸರಹದ್ದು ಮಾಡಿದ್ದರು. ಬಾವಿಯಿಂದ ಅಳೆಯುತ್ತ ಬಂದರೆ ಹದಿನಾಲ್ಕನೆಯ ಫೂಟಿಗೆ ಮಾಸ್ತರರು ಟೇಪಿನ ಮೇಲೆ ಬೂಟು ಇಡುತ್ತಿದ್ದರು.

"ನಿಮ್ಮ ಕಾಯ್ದೆ ಇಲ್ಲಿಗಿ ಇಳೀತದ್ರಿ, ಪ್ಯಾಸೆಂಜರ್ ಇಳಿದಂಗ. ಮುಂದ ಹೋಗಲಿಕ್ಕೆ ಬ್ಯಾರೆ ತಿಕೀಟು ಬೇಕು."

ಕಾಶಪ್ಪ ಮೇಲಿನವರಿಗೆ ಆರು ಕಾಗದ ಬರೆದ. ಬಂದ ಉತ್ತರಗಳೆಲ್ಲ ಒಂದೇ: ಜಾಗ ರೈಲ್ವೆಯದು, ಪಂಚಾಯ್ತಿಯ ನಿಯಮ ಇಲ್ಲಿ ನಡೆಯುವುದಿಲ್ಲ.

ಬಾವಿ ಮುಚ್ಚುವ ಅಧಿಕಾರ ಅವನಿಗೆ ಇದ್ದೇ ಇತ್ತು. ಮನಸ್ಸು ಬರಲಿಲ್ಲ. ಓಣಿಯ ಅರ್ಧ ಮನೆಗಳಲ್ಲಿ ಬೆಳಗಿನ ಲಿಂಗಪೂಜೆಗೆ ಅದೇ ನೀರು. ಅದಕ್ಕೇ ದಿನಾ ಆರಕ್ಕೆ ಹೋಗಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದ.

ಅಕ್ಕ ಗುರುಸಿದ್ದವ್ವ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಮನೆಯಲ್ಲಿ ಕುಡಿಯುವ ನೀರನ್ನು ಅವನು ಹೇಳಿದ ಹಾಗೆ ಕಾಯಿಸಿ ಆರಿಸುತ್ತಿದ್ದಳು. ಪೂಜೆಯ ನೀರಿನ ಮಾತು ಮಾತ್ರ ಬೇರೆ.

"ಪುಡಿ ವಾಸನಿ ನೀರು ಲಿಂಗಕ್ಕ ಎರೀಲೇನೋ? ನೀ ಆರಕ್ಕ ಬಾ. ನಾ ಐದಕ್ಕ ಸೇದಿಕೊಂಡು ಹೋಗಿರ್ತೇನಿ."

"ಅಕ್ಕಾ, ಪುಡಿ ಹಾಕೂದು ಯಾರ ಸಲುವಾಗಿ?"

"ಊರವರ ಸಲುವಾಗಿ. ನಾ ಏನ್ ಊರವಳೇನು? ನಿಮ್ಮಕ್ಕ."

ಕಾಶಪ್ಪ ನಕ್ಕು ಬಿಟ್ಟಿದ್ದ. ಲಿಂಗಕ್ಕೆ ಎರೆದ ನೀರನ್ನೇ ಅವಳು ದಿನಾ ಮೂರು ಗುಟುಕು ಕರುಣೋದಕವೆಂದು ಕುಡಿಯುತ್ತಿದ್ದಳು. ಅದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ; ಮಗ್ಗುಲಲ್ಲೇ ಕೂತು ಅವನೂ ಪೂಜೆ ಮಾಡಿಕೊಳ್ಳುತ್ತಿದ್ದ. ಅವನು ಎರೆಯುತ್ತಿದ್ದದ್ದು ಪುಡಿ ಹಾಕಿ ತಂದ ನೀರು.

ವಾಂತಿಭೇದಿ ಹತ್ತಿದ ದಿನವೇ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿ, ಗುಂಡಿ ಅಳೆಯಲು ಕಾಶಪ್ಪ ಊರಿಗೆ ಬಂದಿದ್ದ; ಎರಡು ದಿನಕ್ಕೆ ಗುರುಸಿದ್ದವ್ವ ಹೋದಳು. ಬಾವಿ ನೀರಿನದೇ ದೋಷವೆಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಊರಿಗೆ ತಂದು, ಅವಳ ಅಂಗೈಯಲ್ಲಿ ಲಿಂಗವಿಟ್ಟು ಓಣಿಯವರು ಮಣ್ಣು ಕೊಟ್ಟರು.

ಮೂರನೆಯ ದಿನ ಕಾಶಪ್ಪ ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಹೋಗಿ ಬಾವಿಯ ಹಗ್ಗ ಓಡುವ ಗಡಗಡಿ ಬಿಚ್ಚಿದ, ಬಾಯಿಗೆ ಹಲಗೆ ಹೊಡೆದ. ನೀರಿಗೆ ಬಂದ ನೆರೆಮನೆಯ ಸಾವಂತ್ರವ್ವ ಕೊಡ ಕೆಳಗಿಟ್ಟಳು.

"ಏನ್ ಕಾಶಪ್ಪಣ್ಣ, ರೈಲ್ವೆದವರ ಮ್ಯಾಲಿನ ಸಿಟ್ಟು ನಮ್ಮ ಕೊಡದ ಮ್ಯಾಲೇನು?"

"ಅಲ್ಲಿ ನನ್ನ ಮಾತು ನಡಿಯಂಗಿಲ್ಲ ತಂಗಿ. ಇಲ್ಲಿ ನಡೀತದ."

"ಹನುಮಪ್ಪನ ಗುಡಿ ಬಾವಿ ಅರ್ಧ ಮೈಲು ಐತಿ. ನೀ ಹೊರತೀಯೇನು?"

"ಹೊರತೇನಿ. ಕೊಡು ಇಲ್ಲಿ."

ಹೊತ್ತ. ಅಂದು ಸಂಜೆಯವರೆಗೂ ಹೊತ್ತ. ಹೆಗಲಿನ ಮೇಲೆ ಅವಳ ಕೊಡ ನೋಡಿದ ಓಣಿಯವರು ತಮ್ಮ ಕೊಡ ಎತ್ತಿಕೊಂಡು ಗುಡಿ ಬಾವಿಯ ದಾರಿ ಹಿಡಿದರು.

ರೈಲ್ವೆ ಕ್ವಾರ್ಟರ್ಸಿನವರೂ ಇದೇ ಬಾವಿಯ ನೀರು ಕುಡಿಯುವವರು. ಆರು ಕಾಗದ ಬರೆಯುವಾಗ ಈ ಮಾತು ಅವನ ತಲೆಗೆ ಹೊಳೆದಿರಲಿಲ್ಲ. ನಾಲ್ಕನೆಯ ದಿನ ಮಾಸ್ತರರೇ ಮನೆಗೆ ಬಂದು, ಜಗಲಿಯ ಕೆಳಗೆ ಬೂಟು ಬಿಟ್ಟು ಕೂತರು.

"ಮನಿಯಾಗ ಸಣ್ಣ ಹುಡುಗರು ಅದಾವ್ರಿ. ಹಲಗಿ ತೆಗಸ್ರಿ."

ಕಾಶಪ್ಪ ಡಾಕ್ಟರ ಚೀಟಿಯನ್ನು ಅವರ ಕೈಗೆ ಕೊಟ್ಟ. ಮಾಸ್ತರರು ಓದಿದರು. ನೌಕರರಿಗೆ ಕುಡಿಯಲು ನೀರಿಲ್ಲವೆಂದು ಅಂದೇ ತಮ್ಮ ಮೇಲಿನವರಿಗೆ ತಂತಿ ಹೊಡೆದರು. ಹನ್ನೊಂದು ದಿನಕ್ಕೆ ಹುಕುಂ ಬಂತು. ಹಳೆಯ ಗುಂಡಿಗೆ ಸುಣ್ಣ, ಮಣ್ಣು ತುಂಬಿದರು. ಹೊಸದನ್ನು ಗೂಡ್ಸ್ ಶೆಡ್ಡಿನ ಆಚೆ ತೋಡಿದರು. ಬಾವಿಯ ನೀರೆಲ್ಲ ಎತ್ತಿ ಹಾಕಿ, ಹೂಳು ತೆಗೆದು, ಶ್ರಾವಣದಲ್ಲಿ ಮತ್ತೆ ಗಡಗಡಿ ಏರಿಸಿದರು.

ಆರು ಕಾಗದಕ್ಕೆ ಆಗದ್ದು ಒಂದು ಗಡಗಡಿಗೆ ಆಯಿತೆಂದು ಊರವರು ಹೊಗಳಿದರು. ಕಾಶಪ್ಪನಿಗೆ ಆ ಮಾತು ಸೇರಲಿಲ್ಲ. ಗಡಗಡಿ ಹೋದ ವರ್ಷವೂ ಅಲ್ಲೇ ಇತ್ತು. ಪಾನಾ ಮನೆಯ ಗೋಡೆಯ ಮಾಡದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಐದಕ್ಕೇ ಹೋಗಿ ಪುಡಿ ಹಾಕಿದ. ಹೊತ್ತು ಕಾಯ್ದು, ಅಕ್ಕನ ತಂಬಿಗೆಯಲ್ಲಿ ನೀರು ತಂದ. ಅವಳು ಕೂಡುತ್ತಿದ್ದ ಮಣೆಯ ಮಗ್ಗುಲಿಗೆ ಕೂತು ಲಿಂಗಕ್ಕೆ ಎರೆದು, ಮೂರು ಗುಟುಕು ಕುಡಿದ. ಪುಡಿಯ ವಾಸನೆ ಇತ್ತು. ಕಣ್ಣು ಮುಚ್ಚಿದ.

"ಸಂಗಮನಾಥಾ, ನನ್ನಕ್ಕ ನಿನ್ನ ನೀರಂತ ನಂಬಿ ಕುಡಿದಳು. ಕಾಯೋ ಕೆಲಸ ನಂದಿತ್ತು, ನಾ ನಕ್ಕು ಬಿಟ್ಟೆ. ಆ ತಪ್ಪು ಆಕಿ ಬೆನ್ನಿಗೆ ಹಚ್ಚಬ್ಯಾಡ. ಬಾಳ ದಣಿದಾಳ. ನಿನ್ನ ಪಾದದ ಹತ್ತರ ತಣ್ಣಗ ಇಟ್ಟುಕೋ ತಂದಿ."