‘ಪರೀಕ್ಷಿಸಲಾಗಿದೆ’ ಎಂಬ ಚೀಟಿ

ಅಕ್ಕನ ಲ್ಯಾಪ್‌ಟಾಪ್ ಮಲಗಿ ಎದ್ದರೆ ಕುರುಡಾಗುತ್ತಿತ್ತು. ಮುಚ್ಚಳ ಮುಚ್ಚಿ ತೆಗೆದರೆ ಸಾಕು, ಪರದೆಗೆ ಮಸಿ ಬಳಿದ ಹಾಗೆ. ಬೆಳಕು ಹೆಚ್ಚಿಸುವ ಕೀಲಿ ಒತ್ತಿದರೆ ಒಂದು ಗಳಿಗೆ ಬೆಳಗಿ ಮತ್ತೆ ಮಂಕು. ಪೂರ್ತಿ ಆರಿಸಿ ಹೊಸದಾಗಿ ಹಚ್ಚಿದರೆ ಸರಿಹೋಗುತ್ತಿತ್ತು, ಅದೂ ಮುಂದಿನ ನಿದ್ದೆಯವರೆಗೆ. ಕೀಲಿಮಣೆ ಬದಲಿಸಲು ಸರ್ವಿಸ್ ಸೆಂಟರಿಗೆ ಕೊಟ್ಟು ತಂದ ದಿನದಿಂದಲೇ ಈ ರೋಗ. ಅದನ್ನು ಅಲ್ಲಿನವರಿಗೆ ಎರಡು ಸಲ ಫೋನಿನಲ್ಲಿ ಹೇಳಿದ್ದೆ. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿ ಕೊಡುತ್ತಿತ್ತು.

ಆ ದಿನ ಮೂರು ಗಂಟೆಗೆ ಅಕ್ಕನಿಗೆ ಆಯ್ಕೆ ಪರೀಕ್ಷೆ. ವೈದ್ಯರ ಧ್ವನಿ ಕೇಳಿ ಟೈಪ್ ಮಾಡುವ ಕೆಲಸ, ಮನೆಯಿಂದಲೇ. ಕೂಸು ಹುಟ್ಟಿದ ಮೇಲೆ ಅವಳ ಕೈಗೆಟುಕಿದ ಮೊದಲ ಅವಕಾಶ. ಪರೀಕ್ಷೆಯ ನಡುವೆ ಹದಿನೈದು ನಿಮಿಷ ಬಿಡುವು. ನಿಯಮದ ಪ್ರಕಾರ ಆಗ ಮುಚ್ಚಳ ಮುಚ್ಚಲೇಬೇಕು, ಯಂತ್ರ ಮಾತ್ರ ಆರಿಸುವಂತಿಲ್ಲ. ಆರಿಸಿದರೆ ಪರೀಕ್ಷೆ ಅಲ್ಲಿಗೇ ಮುಕ್ತಾಯ.

ಹನ್ನೆರಡಕ್ಕೆ ಕೆಲಸದ ಬಟ್ಟೆಯಲ್ಲೇ ಸೆಂಟರಿಗೆ ನುಗ್ಗಿದೆ. ಕೌಂಟರಿನಲ್ಲಿದ್ದ ಟೈಯವನು ಮುಚ್ಚಳ ತೆಗೆದು, ಅರೆನಿಮಿಷ ನೋಡಿ, ತೀರ್ಪು ಕೊಟ್ಟ.

“ಡಿಸ್‌ಪ್ಲೇ ಹೋಗಿದೆ. ಬದಲಾಯಿಸ್ಬೇಕು. ಒಂದು ವಾರ ಇಲ್ಲೇ ಬಿಟ್ಟು ಹೋಗಿ.”

“ಮೂರು ಗಂಟೆಗೆ ಪರೀಕ್ಷೆ ಇದೆ ಅಂದ್ನಲ್ಲ. ಅಲ್ಲಾ, ಹೋಗಿರೋದು ಆರಿಸಿ ಹಚ್ಚಿದ್ರೆ ಹೇಗೆ ಬರುತ್ತೆ? ತವರಿಗೆ ಹೋಗಿ ಬರೋ ಹಾಗೆ?”

ಅವನು ನನ್ನ ಮಸಿ ಹಿಡಿದ ತೋಳನ್ನು ನೋಡಿದ. “ಇದೆಲ್ಲ ಟೆಕ್ನಿಕಲ್. ನಿಮಗೆ ಗೊತ್ತಾಗಲ್ಲ. ಎಷ್ಟನೇ ಕ್ಲಾಸ್ ಓದಿದೀರಿ?”

“ಒಂಬತ್ತಕ್ಕೇ ಬಿಟ್ಟೆ. ಯಾಕೆ, ಪರದೆಗೆ ಮಾರ್ಕ್ಸ್ ಕಾರ್ಡ್ ತೋರಿಸ್ಬೇಕಾ?”

ಮೈಯೆಲ್ಲ ಉರಿಯುತ್ತಿತ್ತು. ಅವನ ಮುಖ ನೋಡಿದರೆ ಬಾಯಿ ಜಾರುತ್ತದೆಂದು ಲ್ಯಾಪ್‌ಟಾಪನ್ನೇ ದಿಟ್ಟಿಸಿದೆ. ಪರದೆಯ ಮೇಲಂಚಿನಲ್ಲಿ, ಕ್ಯಾಮರಾಗೆ ಒತ್ತಿಕೊಂಡು, ಹಸಿರು ಚೀಟಿ. ‘ಪರೀಕ್ಷಿಸಲಾಗಿದೆ’ ಎಂದು ಮುದ್ರೆ. ಕೀಲಿಮಣೆ ಹಾಕಿದ ದಿನ ಇವರೇ ಅಂಟಿಸಿದ್ದು.

ನಾನು ಬೀದಿದೀಪ ರಿಪೇರಿ ಮಾಡುವವನು. ನಮ್ಮ ದೀಪಗಳ ನೆತ್ತಿಯ ಮೇಲೆ ಒಂದು ಕಣ್ಣಿರುತ್ತದೆ. ಕತ್ತಲಾದದ್ದು ಕಂಡರೆ ದೀಪ ಹಚ್ಚುವುದು ಅದರ ಕೆಲಸ. ಹಗಲಲ್ಲಿ ದೀಪ ಪರೀಕ್ಷಿಸಬೇಕೆಂದರೆ ನಾವು ಆ ಕಣ್ಣಿಗೆ ಕಪ್ಪು ಟೇಪ್ ಅಂಟಿಸುತ್ತೇವೆ. ಪಾಪ, ಅದು ರಾತ್ರಿಯಾಯಿತೆಂದು ನಂಬಿಬಿಡುತ್ತದೆ. ಇಳಿಯುವಾಗ ಟೇಪ್ ಕೀಳುವುದನ್ನು ಮರೆತರೆ ಮೇಸ್ತ್ರಿ ನಡುಬೀದಿಯಲ್ಲೇ ಮಾನ ತೆಗೆಯುತ್ತಾನೆ.

“ಇದಕ್ಕೂ ಕಣ್ಣಿದೆಯಾ? ಬೆಳಕು ನೋಡೋ ಕಣ್ಣು?”

“ಸೆನ್ಸರಾ? ಇರುತ್ತೆ. ರೂಮು ಕತ್ತಲಿದ್ರೆ ಪರದೆ ತಾನೇ ಮಂಕಾಗುತ್ತೆ.”

“ಎಲ್ಲಿರುತ್ತೆ?”

“ಕ್ಯಾಮರಾ ಪಕ್ಕ…”

ಅವನ ಕಣ್ಣು ಹಸಿರು ಚೀಟಿಯ ಮೇಲೆ ಹೋಯಿತು.

ಉಗುರಿನಿಂದ ಚೀಟಿ ಎಬ್ಬಿಸಿದೆ. ಕೆಳಗೆ ಸಾಸಿವೆಯಷ್ಟು ತೂತು. ಮುಚ್ಚಳ ಮುಚ್ಚಿ ತೆಗೆದೆ: ಬೆಳಕು. ಮತ್ತೆ ಮುಚ್ಚಿ ತೆಗೆದೆ: ಬೆಳಕು. ಹೊಸದಾಗಿ ಹಚ್ಚಿದಾಗ ಹಳೆಯ ಬೆಳಕಲ್ಲೇ ಶುರುವಾಗುತ್ತಿದ್ದ ಪಾಪದ ಯಂತ್ರ, ನಿದ್ದೆಯಿಂದ ಎದ್ದ ಕೂಡಲೇ ಕೋಣೆಯಲ್ಲಿ ಎಷ್ಟು ಬೆಳಕಿದೆ ಎಂದು ನೋಡಲು ಕಣ್ಣು ತೆರೆಯುತ್ತಿತ್ತು. ಕಣ್ಣಿನ ಮೇಲೆ ಇವರ ಚೀಟಿ! ಇದಕ್ಕೆ ಅಕ್ಕ ಮೂರು ವಾರ ಪರದೆಗೆ ಮೂಗು ತಾಗಿಸಿ ಅಭ್ಯಾಸ ಮಾಡಿದ್ದಳು. ಅವಳ ತಲೆನೋವಿಗೆ ಯಾರು ಉತ್ತರ ಹೇಳುತ್ತಾರೆ?

ತಪ್ಪಾಯಿತು ಎನ್ನುತ್ತಾನೆಂದು ಕಾದೆ. ಅವನು ಒಂದು ಫಾರಂ ತೆಗೆದ.

“ಅದು ನಮ್ಮ ಸೀಲು. ನೀವೇ ಕಿತ್ತಿದೀರಿ. ಇನ್ಮೇಲೆ ಕೀಲಿಮಣೆಗೆ ಗ್ಯಾರಂಟಿ ಇಲ್ಲ. ಇಲ್ಲಿ ಸಹಿ ಹಾಕಿ.”

“ಕಿತ್ತಿದ್ದಕ್ಕೇ ಕಾಣ್ತಿರೋದು ಸ್ವಾಮಿ!”

“ರೂಲ್ಸ್ ರೂಲ್ಸೇ.”

ಒಂಬತ್ತನೇ ಕ್ಲಾಸಿನವನಿಗೆ ಸಹಿ ಹಾಕಲು ಬರುತ್ತದೆ. ಆದರೆ ಹಾಕಲಿಲ್ಲ. ಚೀಟಿಯಲ್ಲಿ ಇನ್ನೂ ಅಂಟು ಉಳಿದಿತ್ತು. ಸಹಿಯ ಜಾಗದಲ್ಲಿ ಅದನ್ನೇ ಇಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಬಿದ್ದೆ.

ಸಂಜೆ ಐದೂವರೆಗೆ ಅಕ್ಕನ ಫೋನು. ಆಗ ನಾನು ಏಣಿಯ ಮೇಲಿದ್ದೆ. ಕೋಪ ಇನ್ನೂ ಇಳಿದಿರಲಿಲ್ಲ.

“ಬಿಡುವಾದ ಮೇಲೆ ತೆಗೆದಾಗ ಹೇಗಿತ್ತೇ?”

“ಕಣ್ಣು ಕುಕ್ಕೋ ಹಾಗಿತ್ತು ಕಣೋ. ನಾನೇ ಸ್ವಲ್ಪ ಕಡಿಮೆ ಮಾಡ್ಕೊಂಡೆ. ಒಂದಕ್ಷರ ಬಿಡದೆ ಮುಗಿಸಿದೀನಿ.”

ಫೋನು ಜೇಬಿಗೆ ಹಾಕಿ, ದೀಪದ ನೆತ್ತಿಯ ಟೇಪ್ ಕಿತ್ತು, ಇನ್ನೊಮ್ಮೆ ಬೆರಳಾಡಿಸಿ ನೋಡಿ, ಆಮೇಲೆ ಕೆಳಗಿಳಿದೆ.