ಹೆಂಡತಿಯ ಉತ್ತರ ಗಂಡನ ಬಾಯಲ್ಲಿ

ನಮ್ಮ ಕಾರವಾರ ಕಡೆ ರೋಗಿಗೆ ಕನ್ನಡ ಬಾರದಿದ್ದರೆ, ಸಿಸ್ಟರಿಗೆ ಕೊಂಕಣಿ ಬಾರದಿದ್ದರೆ, ಜತೆಗೆ ಬಂದವರೇ ನಡುವೆ ನಿಂತು ಹೇಳಿಬಿಡುತ್ತಾರೆ. ಜ್ವರ, ಹೊಟ್ಟೆನೋವಿಗೆ ಅದು ನಡೆಯುತ್ತದೆ. ಎಲ್ಲದಕ್ಕೂ ನಡೆಯುವುದಿಲ್ಲ.

ರಾಮನಗುಳಿಯ ನಾಗಶ್ರೀ ನರ್ಸಿಂಗ್ ಕಲಿಯುತ್ತಿದ್ದಾಳೆ. ಗಂಡನಿಂದ ಪೆಟ್ಟು ತಿಂದು ಬಂದ ಹೆಂಗಸಿಗೆ ನೆರವಾಗಲು ವಿದ್ಯಾರ್ಥಿಗಳು ಎಷ್ಟು ತಯಾರಿದ್ದಾರೆ ಎಂದು ಕಾಲೇಜಿನಲ್ಲಿ ಪರೀಕ್ಷೆ ಮಾಡಿದರು. ಇವಳೇ ಮೊದಲು ಬಂದಳು. ಕ್ಲಾಸಿಗೆಲ್ಲ ಚಾಕಲೇಟ್ ಹಂಚಿದಳು, ಪಾಪ.

ಮರುವಾರ ಅವಳು ಕೆಲಸ ಕಲಿಯುತ್ತಿದ್ದ ಆಸ್ಪತ್ರೆಗೆ ಅಮದಳ್ಳಿಯ ಸುಗಂಧಾ ಬಂದಳು. ಗೋವಾ ಕಡೆಯಿಂದ ಮದುವೆಯಾಗಿ ಬಂದವಳು, ಕನ್ನಡ ಇನ್ನೂ ಬಾರದು. ಕೈ ಊದಿತ್ತು. ಪಕ್ಕದಲ್ಲಿ ಗಂಡ ಪುಂಡಲೀಕ.

"ಮನೇಲಿ ಯಾರಾದ್ರೂ ಹೊಡದ್ರಾ ಅಕ್ಕ?" ನಾಗಶ್ರೀ ಮೆತ್ತಗೆ ಕೇಳಿದಳು. ಸುಗಂಧಾಗೆ ಅರ್ಥವಾಗಲಿಲ್ಲ. ನಾಗಶ್ರೀ ಗಂಡನ ಕಡೆ ತಿರುಗಿದಳು. "ನೀವೇ ಸ್ವಲ್ಪ ಕೊಂಕಣೀಲಿ ಕೇಳಿ ಹೇಳ್ತ್ರಾ?"

"ಜಾರಿ ಬಿದ್ದದ್ದಂತೆ ಸಿಸ್ಟರ್. ನೋಡ್ಕಂಡು ನಡಿ ಅಂದ್ರೆ ಕೇಳೂದಿಲ್ಲ ಇವ್ಳು."

ಸುಗಂಧಾ ತಲೆ ಎತ್ತಲಿಲ್ಲ.

ಹಿರಿಯ ನರ್ಸ್ ಅಮಿತಾ ನಾಗಶ್ರೀಯನ್ನು ಪಕ್ಕಕ್ಕೆ ಕರೆದರು. "ಹೊಡದವ ಅವ್ನೇ ಆಗಿದ್ರೆ? ಅವ್ನ ಹತ್ರನೇ ಕೇಳ್ಸಿದ್ಯಲ್ಲೇ!"

"ಗಂಡ ಹೆಂಡ್ತಿ ವಿಷಯ ಮೇಡಂ. ನಾವು ಕೆದಕಿ ಸಂಸಾರ ಮುರಿದ್ರೆ?"

"ಕೇಳಿದ್ದಕ್ಕೆ ಸಂಸಾರ ಮುರಿಯೂದಿಲ್ಲ ತಂಗಿ. ಕೇಳದೇ ಕಳ್ಸಿದ್ರೆ ಅವ್ಳು ಇವತ್ತೂ ಅದೇ ಪೆಟ್ಟಿಗೇ ಹೋಗೂದು."

ನಾಗಶ್ರೀ ಪಟ್ಟಿ ಕಟ್ಟುವ ಸಾಮಾನು ತಂದಳು.

"ಪಟ್ಟಿ ಕಟ್ಟೂವಾಗ ಯಾರಿಗೂ ಒಳಗೆ ಬಿಡೂದಿಲ್ಲ, ಹೊರಗೆ ಕೂತ್ಕಳಿ" ಎಂದು ಅಮಿತಾ ಪುಂಡಲೀಕನನ್ನು ಹೊರಗೆ ಕೂರಿಸಿದರು. ಬಾಗಿಲು ಹಾಕಿ, ತಾವೇ ಕೊಂಕಣಿಯಲ್ಲಿ ಕೇಳಿದರು. ಸುಗಂಧಾ ಅಳುತ್ತ ಎಲ್ಲ ಹೇಳಿದಳು. ಹೊಡೆದವನು ಗಂಡನೇ. "ತಪ್ಪು ನಿನ್ನದಲ್ಲ" ಎಂದು ಅಮಿತಾ ಅವಳ ಭಾಷೆಯಲ್ಲೇ ಹೇಳಿದರು. ಇವತ್ತು ಆ ಮನೆಗೆ ಹೋಗಲಾರೆ ಎಂದಳು ಸುಗಂಧಾ. ಅವಳ ಒಪ್ಪಿಗೆ ಪಡೆದೇ ಮಹಿಳಾ ಸಹಾಯವಾಣಿಗೆ ಕರೆ ಮಾಡಿದರು.

ನಾಗಶ್ರೀ ಹೊರಬಂದಾಗ ಪುಂಡಲೀಕ ಎದ್ದು ನಿಂತ. "ಒಳಗೆ ಅವ್ಳು ಎಂತ ಹೇಳಿದ್ಳು?"

ಅಳು ಯಾವ ಭಾಷೆಯಲ್ಲಿದ್ದರೂ ನಾಗಶ್ರೀಗೆ ಅರ್ಥವಾಗಿತ್ತು. ಆದರೂ ತಣ್ಣಗೆ ಹೇಳಿದಳು: "ನಂಗೆ ಕೊಂಕಣಿ ಬರೂದಿಲ್ಲ ಅಲ್ರಾ."

ಆಸ್ಪತ್ರೆ ಕೆಲಸ ಕಲಿಯುತ್ತಿರುವ ಮಕ್ಕಳೇ, ನಿಮ್ಮ ಅಂಕ ಎಷ್ಟೇ ಇರಲಿ, ಬಾಗಿಲು ಹಾಕಿ ಅವಳೊಬ್ಬಳನ್ನೇ ಕೇಳಿ. ಹೇಳಿದ್ದನ್ನು ನಂಬಿ. ಮನೆಯವರಿಗೆ ಹೇಳಬೇಡಿ. ಅಕ್ಕಂದಿರೇ, "ನಾನೊಬ್ಬಳೇ ಮಾತಾಡಬೇಕು" ಎಂದು ನೀವೂ ಕೇಳಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿ. ಪೆಟ್ಟು ತಿಂದವಳು ನೀವು, ನಾಚಬೇಕಾದವರು ನೀವಲ್ಲ.